ಕರಿಗಟ್ಟಿ

ಮೂರು ಏಟು, ಒಂದು ಬಿಡುವು, ಮತ್ತೆ ಮೂರು, ಇದು ಎಡ ಮುಂಗಾಲಿನ ಲಾಳವೇ ಇರಬೇಕು, ಬಲಗಾಲಿನದಾದರೆ ಮಾವ ನಾಲ್ಕು ಹೊಡೆಯುತ್ತಾರೆ, ಯಾಕೆ ಹಾಗೆಂದು ಬಹುಶಃ ಅವರಿಗೇ ಗೊತ್ತಿಲ್ಲ, ಸಾಲ್ಕಿನ್‌ಗೆ ಗೊತ್ತು, ಹದಿನಾಲ್ಕು ವರ್ಷ ಈ ಅಡುಗೆಮನೆಯ ಕಿಟಕಿಯ ಪಕ್ಕ ನಿಂತು ಹಿಟ್ಟು ನಾದಿದವಳ ಕಿವಿ ಅದು — ಠಣ್ ಠಣ್ ಠಣ್ — ಗಾಜಿಗೆ ಕೆಟಲಿನ ಹಬೆ ಹತ್ತಿ ಅಂಗಳ ಕಾಣುತ್ತಿಲ್ಲ, ಕಾಣಬೇಕಾಗಿಯೂ ಇಲ್ಲ, ಭಾನುವಾರ, ಅತ್-ಬಾಶಿಯ ದನದ ಸಂತೆ ಮುಗಿದಿದೆ, ಹಿಮ ಕರಗಿದ ರೊಜ್ಜಿನಲ್ಲಿ ಹೊಸದಾಗಿ ಕೊಂಡ ಕುದುರೆಗಳ ಲಗಾಮು ಹಿಡಿದು ಗಂಡಸರು ಸರದಿ ನಿಂತಿದ್ದಾರೆ, ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಿದ್ದಾರೆ, ಅವರ ನಡುವೆ ಮಾವ, ತುಟಿಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು ಲಾಳ ಬಡಿಯುವ ಅಡಿಗಲ್ಲಿನ ಮೇಲೆ ಬಾಗಿದ್ದಾರೆ, ಮೊಳೆ ಕಚ್ಚಿದ ಬಾಯಿಯನ್ನು ಯಾರೂ ಮಾತಾಡಿಸುವುದಿಲ್ಲ, ಅದು ಹೂಂ ಎನ್ನುತ್ತದೆ, ಉಹೂಂ ಎನ್ನುತ್ತದೆ, ಅಷ್ಟೇ. ಫೋನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಲೊಲ್ಲದು, ಹಿಟ್ಟಿನ ಡಬ್ಬಿಗೆ ಒರಗಿಸಿದಳು, ಜಾರಿತು, ಜಾಮಿನ ಸೀಸೆಯನ್ನು ಒತ್ತು ಕೊಟ್ಟಳು, ನಿಂತಿತು, ಹನ್ನೆರಡಕ್ಕೆ ಇನ್ನು ಇಪ್ಪತ್ತು ನಿಮಿಷ, ಹನ್ನೆರಡಕ್ಕೆ ನಾನ್ನೂರು ಜನ ಈ ಅಡುಗೆಮನೆಯನ್ನು, ಹಿಂದಿನ ಗೋಡೆಗೆ ನೇತುಹಾಕಿದ ಜರಡಿಯನ್ನು, ಈ ಮುಖವನ್ನು ನೋಡುತ್ತಾರೆ, ಮೂರು ವರ್ಷ ಬರೀ ದನಿ ಕೇಳಿದ್ದವರು, ಮುಖಕ್ಕೆ ಏನಾದರೂ ಹಚ್ಚಿಕೊಳ್ಳಬೇಕಿತ್ತೇನೋ, ಬೇಡ, ಬೆಳಿಗ್ಗೆ ಹಾಲು ಕರೆದ ಮುಖ, ಹಾಡು ಕಟ್ಟಿದ್ದೂ ಇದೇ ಮುಖ, ಇದನ್ನೇ ನೋಡಲಿ.

ಕೊಮುಜನ್ನು ತೊಡೆಯ ಮೇಲೆ ಎಳೆದುಕೊಂಡಳು, ಏಪ್ರಿಕಾಟ್ ಮರದ್ದು, ಮೂರು ತಂತಿ, ತಂತಿಯೆಂದರೆ ಮೀನು ಹಿಡಿಯುವ ದಾರ, ನಡುವಿನದು ಚಳಿಗೆ ಬಿಗಿದಿದೆ, ಸ್ವಲ್ಪ ಸಡಿಲಿಸಿದಳು, ಗಂಡ ಎಸೆನ್ ಎರಡು ವಾರಕ್ಕೊಮ್ಮೆ ಮನೆಗೆ ಬರುವಾಗ ಈ ದಾರ ತರುತ್ತಾನೆ, ಗಡಿಯ ಕಡೆಯ ರಸ್ತೆಯಲ್ಲಿ ಹಿಮ ತಳ್ಳುವ ಯಂತ್ರ ಓಡಿಸುತ್ತಾನೆ, ಯಂತ್ರದೊಳಗೆ ಕೂತು ನಿನ್ನ ಹಾಡೇ ಕೇಳ್ತಿರ್ತೀನಿ ಕಣೇ, ಹಿಮ ತಾನಾಗೇ ಪಕ್ಕಕ್ಕೆ ಸರಿಯುತ್ತೆ, ಸುಳ್ಳುಗಾರ, ಆದರೆ ಆ ಸುಳ್ಳು ಕೇಳಿ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಫೋನಿನ ಈ ಗುಂಪಿಗೆ ಅವಳನ್ನು ಸೇರಿಸಿದವನೂ ಅವನೇ, ಕೊಲೊಮ್ತೊ ಅಂತ ಇದೆ ನೋಡು, ಒಲೆಯ ಹೆಸರು ಇಟ್ಟವ್ರೆ, ಸ್ವಂತ ಹಾಡು ಕಟ್ಟೋರು ಮಾತ್ರ ಇರೋದಂತೆ, ನೀನು ಗಂಜಿ ತಿರುವ್ತಾ ಗೊಣಗೋದೆಲ್ಲ ಅಲ್ಲಿ ಹಾಕು. ಅವಳು ಶಿಶುವಿಹಾರದಲ್ಲಿ ಅರವತ್ತು ಮಕ್ಕಳಿಗೆ ಗಂಜಿ ಕಾಯಿಸುವವಳು, ಅಲ್ಲಿ ಹೋಗಿ ನೋಡಿದರೆ ಓಶ್‌ನ ಒಬ್ಬ ದರ್ಜಿ, ತಲಾಸಿನ ಬೀನ್ಸ್ ಬೆಳೆಗಾರ, ಮಾಸ್ಕೋದಲ್ಲಿ ಹಿಮ ಗುಡಿಸುವ ನೂರ್ಜಾತ್ ಎಂಬ ಹುಡುಗಿ, ಎಲ್ಲರೂ ಒಬ್ಬೊಬ್ಬರೇ ಗೊಣಗಿಕೊಂಡಿದ್ದವರೇ, ಎಲ್ಲರ ಮೇಲೆ ಹಿರಿಯಣ್ಣನ ಹಾಗೆ ಕುಬಾತ್ ಬಾಯ್ಕೆ, ಬಿಷ್ಕೆಕ್ಕಿನ ರೇಡಿಯೊದಲ್ಲಿ ಮೂವತ್ತು ವರ್ಷ ಜನರ ದನಿ ಹಿಡಿದು ನಿವೃತ್ತರಾದವರು, ಗುಂಪಿಗೆ ಕಟ್ಟಳೆ ಮಾಡಿದ್ದೂ ಅವರೇ. ಹಾಡನ್ನು ಒಂದೇ ಉಸಿರಿಗೆ ಹಾಡಿ ಹಾಕಬೇಕು, ಮಗು ಅತ್ತರೆ ಮಗು, ಕೆಟಲು ಕೂಗಿದರೆ ಕೆಟಲು, ತಿದ್ದುವ ಹಾಗಿಲ್ಲ, ಒಲೆ ಮುಂದೆ ಹಾಡಿದ್ದನ್ನ ಒಗೆದು ಒಣಗಿಸೋಕಾಗಲ್ಲ ಅಂತಾರೆ ಬಾಯ್ಕೆ, ಇನ್ನೊಂದು ಕಟ್ಟಳೆ ಕೊರುಂದುಕ್, ಹೊಸ ಸೊಸೆಯ ಮುಖ ನೋಡಿದರೆ, ಹುಟ್ಟಿದ ಕೂಸನ್ನು ನೋಡಿದರೆ ಕೈಯಲ್ಲಿ ಏನಾದರೂ ಇಡಬೇಕಲ್ಲ, ಹಾಗೆ ಹೊಸ ಹಾಡು ಕೇಳಿದವರು ಒಂದು ಸಾಲು ಇಡಬೇಕು, ಹಾಡಿನ ಯಾವ ಜಾಗ ಕಿವಿ ಹಿಡಿಯಿತೆಂದು ಸ್ವಂತ ಮಾತಿನಲ್ಲಿ ಬರೆಯಬೇಕು, ಹೃದಯದ ಚಿತ್ರ ಒತ್ತಿ ಓಡಿಹೋದವರಿಗೆ ಬಾಯ್ಕೆಯಿಂದ ಬೈಗುಳ ತಪ್ಪಿದ್ದಲ್ಲ. ಅವಳ ಮೊದಲ ಹಾಡಿಗೆ ಹನ್ನೊಂದು ಸಾಲು ಬಂದಿದ್ದವು, ಹಿಟ್ಟಿನ ಕೈಯಲ್ಲೇ ಓದಿದಳು, ಓದಿ ಹೊರಗೆ ಹೋಗಿ ಹಸುವಿನ ಹತ್ತಿರ ನಿಂತು ಒಬ್ಬಳೇ ನಕ್ಕಳು, ಅಂದು ತಲೆಯ ಮೇಲೆ ಎರಡು ಕೊಂಬು ಮೂಡಿದ್ದರೆ ಹಸುವಿಗೇನೂ ಆಶ್ಚರ್ಯವಾಗುತ್ತಿರಲಿಲ್ಲ.

ಠಣ್ ಠಣ್ ಠಣ್ — ಆ ಹನ್ನೊಂದರಲ್ಲಿ ಒಂದು ಸಾಲು ನೂರ್ಜಾತಳದು, ಎಜೆ, ಅಕ್ಕಾ, ನಿಮ್ಮ ತಾಳದವರು ಯಾರು, ಎಷ್ಟು ಚೆನ್ನಾಗಿ ಬಿಡುವು ಕೊಡ್ತಾರೆ, ಓದಿ ನಗು ತಡೆಯದೆ ನಮ್ಮ ಮನೆಯವರೇ ಎಂದು ಬರೆದಿದ್ದಳು, ಸುಳ್ಳೇನೂ ಅಲ್ಲ, ಮಾವ ಲಾಳ ಬಡಿಯುವಾಗ ನಿಲ್ಲಿಸಿ ಎನ್ನುವ ಸೊಸೆ ಅತ್-ಬಾಶಿಯಲ್ಲಿ ಇನ್ನೂ ಹುಟ್ಟಿಲ್ಲ, ನಿಲ್ಲಿಸಲಾರದ್ದನ್ನು ಸೇರಿಸಿಕೊಂಡಳು, ಅವರ ಏಟಿನ ಮೇಲೆ ತನ್ನ ಸಾಲು ಕೂರಿಸಿದಳು, ಅವರ ಬಿಡುವಿನಲ್ಲಿ ಉಸಿರು ತೆಗೆದುಕೊಂಡಳು, ಮಾವನಿಗೆ ಇದೊಂದೂ ಗೊತ್ತಿಲ್ಲ, ನಲವತ್ತು ವರ್ಷ ಲೋಹ ಬಡಿದ ಕಿವಿ, ಅವರಿಗೇನು ಕೇಳುತ್ತೆ ಬಿಡೇ, ಗುಡುಗಿದರೆ ಯಾರಾದ್ರೂ ಬಂದ್ರಾ ಅಂತ ಕೇಳ್ತಾರೆ ಅನ್ನುತ್ತಾಳೆ ಬಾತ್ಮಾ, ಮೇಲಿನ ಮನೆಯಲ್ಲಿರುವ ವಾರಗಿತ್ತಿ. ಕರಿಗಟ್ಟಿ ಎಂಬ ಅವಳ ಮಾತಿನ ಕಥೆಯೂ ಹಾಗೇ ಆದದ್ದು. ಮದುವೆಯಾಗಿ ಬಂದ ಎರಡನೆಯ ದಿನ, ಪರದೆಯ ಹಿಂದೆ ಕೂತಿದ್ದವಳ ಕಿವಿಯ ಹತ್ತಿರ ಬಾಯಿ ತಂದು ಮುದಿ ಸೋದರತ್ತೆಯೊಬ್ಬಳು ಹೇಳಿದ್ದಳು, ನೋಡು ಹುಡುಗಿ, ಗಂಡನ ಮನೆ ಹಿರೀರ ಹೆಸರು ಸೊಸೆ ಬಾಯಲ್ಲಿ ಬರಬಾರದು, ಗೊತ್ತಲ್ಲ, ನಿನ್ನ ಮಾವನ ಹೆಸರು ತೆಮಿರ್, ಕಬ್ಬಿಣಕ್ಕೂ ನಮ್ಮಲ್ಲಿ ಅದೇ ಹೆಸರು, ಅದಕ್ಕೇ ಇವತ್ತಿಂದ ನಿನಗೆ ಎರಡೂ ಇಲ್ಲ, ಬೇರೆ ಏನಾದ್ರೂ ಹೇಳ್ಕೋ. ಒಲೆ ಅದರದು, ಮಂಚ ಅದರದು, ಬಾವಿಯ ಸರಪಳಿ ಅದರದು, ಕಮ್ಮಾರನ ಮನೆಯಲ್ಲಿ ಕೈ ಇಟ್ಟಲ್ಲೆಲ್ಲ ಅದೇ, ಕೊನೆಗೆ ಆಕಾಶದಲ್ಲಿ ಬಡಗಣ ದಿಕ್ಕಿಗೆ ಅಲುಗದೆ ನಿಂತ ನಕ್ಷತ್ರಕ್ಕೂ ಜನ ಅದರ ಗೂಟವೆಂದೇ ಅನ್ನುತ್ತಾರೆ, ಎರಡು ಬಿಳಿ ಕುದುರೆ ಆ ಗೂಟಕ್ಕೆ ಕಟ್ಟಿಸಿಕೊಂಡು ಸುತ್ತುತ್ತವೆಯಂತೆ, ಹತ್ತೊಂಬತ್ತರ ಹುಡುಗಿಗೆ ಒಂದು ದಿನದಲ್ಲಿ ಅರ್ಧ ಲೋಕದ ಹೆಸರು ಕಳೆದುಹೋಗಿತ್ತು, ಬಾತ್ಮಾ ಅದನ್ನು ಲೋಹದ್ದು ಎಂದು ಹೇಳಿ ಕೈತೊಳೆದುಕೊಂಡಿದ್ದಳು, ಸಾಲ್ಕಿನ್‌ಗೆ ಅದು ಸಪ್ಪೆ ಅನ್ನಿಸಿತು, ಒಲೆಯ ಬೂದಿ ತೆಗೆಯುತ್ತ ಅದನ್ನು ಮುಟ್ಟಿ ನೋಡಿದಳು, ಕರಿ, ಗಟ್ಟಿ, ಕರಿಗಟ್ಟಿ ಎಂದಳು, ನಾಲಿಗೆಗೆ ಹಿತವಾಯಿತು, ಇಟ್ಟುಕೊಂಡಳು.

ಹದಿನಾಲ್ಕು ವರ್ಷ ಬಾಯಲ್ಲಿದ್ದದ್ದು ಹಾಡಿನಲ್ಲಿ ಬರದೆ ಇರುತ್ತದೆಯೇ, ಬಂತು, ಒಂದರಲ್ಲಿ ಕರಿಗಟ್ಟಿ ಸೇತುವೆ, ಇನ್ನೊಂದರಲ್ಲಿ ಕರಿಗಟ್ಟಿ ಮೋಡ, ಗುಂಪಿನವರು ಕಾರಣ ಬಲ್ಲರೇ, ಎಂಥಾ ಪದ ಕಟ್ಟಿದ್ದೀಯ ತಾಯಿ ಎಂದರು, ಓಶ್‌ನ ದರ್ಜಿ ತನ್ನ ಹಾಡಿನಲ್ಲಿ ಕರಿಗಟ್ಟಿ ಕತ್ತರಿ ತಂದ, ನೂರ್ಜಾತ್ ಮಾಸ್ಕೋದ ಚಳಿಗೆ ಕರಿಗಟ್ಟಿ ಬೆಳಗು ಎಂದಳು, ಯಾರೋ ಕಾಣದ ಊರಿನ ಹುಡುಗ ಕರಿಗಟ್ಟಿ ಪ್ರೇಮ ಎಂದುಬಿಟ್ಟ, ಅದಕ್ಕೆ ಅರ್ಥವೇನೆಂದು ಅವನೇ ಹೇಳಬೇಕು. ಅವಳು ನಿಜ ಹೇಳಬಹುದಿತ್ತು, ಹೇಳಲಿಲ್ಲ, ಅಯ್ಯೋ ಪಾಪ, ಈ ಕಾಲದಲ್ಲೂ ಹಾಗೆ ಇಟ್ಟಿದ್ದಾರಾ ನಿಮ್ಮನ್ನ ಎಂದು ಪಟ್ಟಣದ ಹುಡುಗಿಯರು ಕನಿಕರಪಟ್ಟಾರು, ಕನಿಕರ ಅವಳಿಗೆ ಬೇಡ, ಅವಳಿಗೆ ಹೆಮ್ಮೆ ಬೇಕು, ಬೇಕು ಎಂದರೆ ಬೇಕು, ಅದರಲ್ಲಿ ನಾಚಿಕೆ ಏನು, ಅರವತ್ತು ಬಟ್ಟಲು ತೊಳೆಯುವ ಹೆಂಗಸಿನ ಬಾಯಿಂದ ಬಿದ್ದ ಒಂದು ಮಾತು ಮಾಸ್ಕೋದ ಬೀದಿಯಲ್ಲಿ ಹಿಮ ಗುಡಿಸುತ್ತಿದೆ, ಇದಕ್ಕೆ ಬೀಗದೆ ಇನ್ಯಾವುದಕ್ಕೆ ಬೀಗಬೇಕು. ಆದರೆ ಹೋದ ಬುಧವಾರ ಕುಬಾತ್ ಬಾಯ್ಕೆಯ ದನಿ ಬಂತು, ಗುಂಪಿಗಲ್ಲ, ಅವಳೊಬ್ಬಳಿಗೇ, ಮಕ್ಕಳೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದರು, ಫೋನನ್ನು ಕಿವಿಗೊತ್ತಿಕೊಂಡು ಕೇಳಿದಳು, ಸಾಲ್ಕಿನ್, ತಂಗಿ, ಎರಡು ಕುದುರೆ ಹಾಡು ಚಿನ್ನ ಕಣಮ್ಮ, ನೌರುಜ್ ಹಬ್ಬಕ್ಕೆ ನಮ್ಮ ಹನ್ನೆರಡು ಹಾಡು ಸೇರಿಸಿ ಸ್ಟುಡಿಯೊದಲ್ಲಿ ಮಾಡ್ತೀವಲ್ಲ, ಮೊದಲ್ನೇದು ನಿನ್ನದೇ ಇರಲಿ ಅಂತ ನನ್ನಾಸೆ, ಆದ್ರೆ ಆ ಕರಿಗಟ್ಟಿ ಸಾಕು, ಮೊದಲ ಸಲ ಕೇಳ್ದಾಗ ಕಿವಿ ನಿಮಿರ್ತು, ಹತ್ತನೇ ಸಲಕ್ಕೆ ಇದೇನೋ ಶೋಕಿ ಅನ್ಸುತ್ತೆ, ಹಾಡಿಗೆ ಶೋಕಿ ಒಳ್ಳೇದಲ್ಲ, ಕಬ್ಬಿಣನ ಕಬ್ಬಿಣ ಅನ್ನು, ಭಾನುವಾರ ನಿನ್ನ ಸರದಿ, ಎಲ್ಲರ ಮುಂದೆ ಹಾಗೆ ಹಾಡು, ಹಾಡಿದ್ರೆ ಮೊದಲ ಜಾಗ ನಿಂದು. ಶೋಕಿ. ಜನ್ಮದಲ್ಲಿ ತುಟಿಗೆ ಬಣ್ಣ ಹಚ್ಚದವಳಿಗೆ ಶೋಕಿ. ಗಂಜಿ ತಳ ಹಿಡಿಯಿತು, ಅವಳಿಗೆ ಗೊತ್ತಾಗಲಿಲ್ಲ, ಮೊದಲ ಹಾಡು, ನೌರುಜ್ ದಿನ ಚೌಕದಲ್ಲಿ ಹಾಕುತ್ತಾರೆ, ಸಾರಿಗೆ ಬಸ್ಸುಗಳಲ್ಲಿ ಹಾಕುತ್ತಾರೆ, ಹೆಸರು ಹೇಳಿ ಹಾಕುತ್ತಾರೆ, ಅತ್-ಬಾಶಿಯ ಸಾಲ್ಕಿನ್ ಎಂದು, ಆಗಲಿ ಬಾಯ್ಕೆ, ಹಾಡ್ತೀನಿ ಎಂದುಬಿಟ್ಟಳು. ಎಂದ ಮೇಲೆ ನೆನಪಾಯಿತು, ಬಾಯಿಬಿಟ್ಟು ಹಾಡಬೇಕಾದದ್ದು ಮಾವನ ಹೆಸರು.

ಹನ್ನೆರಡಕ್ಕೆ ಹತ್ತು ನಿಮಿಷ — ಈಗ ನಾಲ್ಕು ಏಟು, ಬಲಗಾಲು — ನಿನ್ನೆ ಜರಡಿ ಕೇಳಲು ಬಂದ ಬಾತ್ಮಾ, ಸಾಲ್ಕಿನ್ ಬರಿಗೈಯಲ್ಲಿ ಕೂತು ಗೋಡೆ ನೋಡುತ್ತಿದ್ದುದನ್ನು ಕಂಡು, ಏನಾಯ್ತೇ ಎಂದು ಪೀಡಿಸಿ ಪೀಡಿಸಿ ವಿಷಯ ಹೊರಗೆ ಎಳೆದಿದ್ದಳು, ಎಳೆದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಡೋಕೆ ಆಗ್ದಿದ್ರೆ ಬಿಡು, ಆಗೋದಾದ್ರೆ ಕೇಳಿ ಹಾಡು, ಅದಕ್ಕೇನು ಗೋಡೆ ನೋಡ್ತಾ ಕೂರೋದು ಎಂದವಳೇ ಸೀದಾ ಅಂಗಳಕ್ಕೆ ನಡೆದಳು, ಎಜೆ ಬೇಡ, ನಿಮ್ಮ ಕಾಲಿಗೆ ಬೀಳ್ತೀನಿ ಎಂದು ಹಿಂದೆ ಓಡಿದರೂ ಕೇಳಲಿಲ್ಲ, ಅಡಿಗಲ್ಲಿನ ಮುಂದೆ ನಿಂತು, ಮಾವನ ಕಿವಿಯ ಹತ್ತಿರ ಕೂಗಿ ಹೇಳಿದಳು, ಅತಾ, ನಿಮ್ಮ ಚಿಕ್ಕ ಸೊಸೆಗೆ ನಿಮ್ಮ ಹೆಸರು ಬೇಕಂತೆ, ಹಾಡಿಗೆ, ನಾನ್ನೂರು ಜನದ ಮುಂದೆ. ಸಾಲ್ಕಿನ್ ತಲೆವಸ್ತ್ರವನ್ನು ಹಣೆಗೆ ಎಳೆದುಕೊಂಡು ರೊಜ್ಜು ನೋಡುತ್ತ ನಿಂತಿದ್ದಳು, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು, ಮಾವ ಸುತ್ತಿಗೆ ಕೆಳಗಿಟ್ಟರು, ತುಟಿಯಿಂದ ಒಂದು ಮೊಳೆ ತೆಗೆದು ಅಡಿಗಲ್ಲಿನ ಮೇಲೆ ಇಟ್ಟರು, ಎರಡನೆಯದು, ಮೂರನೆಯದು, ನಾಲ್ಕನೆಯದು, ಅಷ್ಟು ಹೊತ್ತು ಅವಳ ಜೀವ ಆ ಮೊಳೆಗಳಲ್ಲೇ ಇತ್ತು, ಆಮೇಲೆ ಹೇಳಿದರು, ಹೇಳ್ಕೋ ಮಗಳೇ. ಹದಿನಾಲ್ಕು ವರ್ಷ ನಾಲಿಗೆ ಕಟ್ಟಿ ಮನೆ ನಡೆಸಿದ್ದೀಯ, ನಿಮ್ಮತ್ತೆ ಹಾಸಿಗೆ ಹಿಡಿದಾಗ ನೀನೇ ಎತ್ತಿ ಕೂರಿಸ್ದೆ, ನಾನು ಕಂಡಿಲ್ವಾ. ಹೇಳಿದ್ರೆ ನನ್ನ ಹೆಸರೇನು ಸವೆಯುತ್ತಾ. ಮಸಿಯ ಅಂಗೈಗಳನ್ನು ಮೇಲಕ್ಕೆ ಬಿಚ್ಚಿದರು, ದನಿ ತೆರೆಯಲಿ, ದಾರಿ ತೆರೆಯಲಿ ಎಂದು ಹರಸಿ, ಓಮಿನ್ ಎಂದು ಮುಖ ಸವರಿಕೊಂಡರು, ಗಡ್ಡಕ್ಕೆ ಮಸಿ ಮೆತ್ತಿತು, ಬಾತ್ಮಾ ಸುಮ್ಮನಿರದೆ, ಹಾಗಾದ್ರೆ ನಂಗೂ ಬಿಡುಗಡೆನಾ ಅತಾ ಎಂದಳು, ನೀನೂ ಒಂದು ಹಾಡು ಕಟ್ಟು, ಆಮೇಲೆ ನೋಡೋಣ, ಇಷ್ಟೆಂದು ಮಾವ ಮತ್ತೆ ಮೊಳೆ ಬಾಯಿಗಿಟ್ಟುಕೊಂಡರು.

ಖುಷಿಯಾಗಬೇಕಿತ್ತು, ಆಯಿತು ಕೂಡ, ಹಾಡಿನವಳೆಂದು ಮಾವ ಬಾತ್ಮಾಳ ಎದುರಿಗೇ ಒಪ್ಪಿದ್ದು ಸಣ್ಣ ಮಾತೇ, ಆದರೂ ಒಳಗೆ ಬಂದು ಲಟ್ಟಿಸಿದ ಹಿಟ್ಟು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಯಿತು, ಬಹಳ ದಿನ ಹೊತ್ತ ಕೊಡವನ್ನು ಯಾರೋ ಇಳಿಸಿಕೊಂಡರೆ ಮೈ ಒಂದು ಕಡೆ ವಾಲುತ್ತದಲ್ಲ, ಹಾಗೆ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ, ಹಿಂದೆ ಮುಂದೆ ನೋಡಿ, ಆ ಮಾತನ್ನು ಹಸುವಿನ ಹೊಟ್ಟೆಗೆ ಬಾಯಿ ಇಟ್ಟು ಹೇಳಿದಳು, ಮೆಲ್ಲಗೆ, ಮತ್ತೆ ಸ್ವಲ್ಪ ಜೋರಾಗಿ, ಹಸು ಕಿವಿ ಅಲ್ಲಾಡಿಸಿತು, ಬಾಯಿಯಲ್ಲಿ ಪಕ್ಕದ ಮನೆಯವರ ಚಮಚ ಇಟ್ಟುಕೊಂಡ ಹಾಗಿತ್ತು, ಅಭ್ಯಾಸವಾಗುತ್ತದೆ, ಒಂದು ಮಾತು, ಎರಡು ಅಕ್ಷರಕ್ಕಿಂತ ಸ್ವಲ್ಪ ಹೆಚ್ಚು, ಎಂಟು ವರ್ಷದ ಮಕ್ಕಳು ಹೇಳುತ್ತಾರೆ, ಹನ್ನೆರಡಾಯಿತು. ಫೋನಿನಲ್ಲಿ ಮುಖಗಳು ಚೌಕ ಚೌಕವಾಗಿ ತೆರೆದುಕೊಂಡವು, ಇವಳೇ ನೂರ್ಜಾತ್, ಕೇಸರಿ ಅಂಗಿ, ಚಳಿಗೆ ಸಿಡಿದ ಕೆನ್ನೆ, ಮೆಟ್ಟಿಲ ಕೆಳಗಿನ ಪೊರಕೆ ಕೋಣೆಯಲ್ಲಿ ಕೂತಿದ್ದಾಳೆ, ಎಜೆ, ನೀವು ಇಷ್ಟು ಚಿಕ್ಕವ್ರಾ, ನಾನು ಅಜ್ಜಿ ಅಂದ್ಕೊಂಡಿದ್ದೆ, ದರ್ಜಿಯ ಕುತ್ತಿಗೆಯಲ್ಲಿ ಅಳತೆಪಟ್ಟಿ, ಕುಬಾತ್ ಬಾಯ್ಕೆಯ ಹುಬ್ಬು ದನಿಯಷ್ಟೇ ದಪ್ಪ, ಬಾ ತಂಗಿ, ಒಲೆ ಹತ್ರ ಕೂತ್ಕೋ, ಶುರು ಮಾಡು. ಸಲಾಂ ಹೇಳಿದಳು, ದನಿ ತನ್ನದಲ್ಲ ಅನ್ನಿಸಿತು, ತಂತಿಗೆ ಬೆರಳಿಟ್ಟಳು, ಹೊರಗಿನ ಏಟಿಗೆ ಕಾದಳು, ಎರಡನೆಯ ಬಿಡುವಿನ ಮೇಲೆ ಹಿಡಿಯಬೇಕು, ಅವಳ ಲೆಕ್ಕ ಯಾವಾಗಲೂ ಹಾಗೇ, ಕಾದಳು, ಏಟಿಲ್ಲ.

ಏಟಿಲ್ಲ, ಅಂಗಳ ಮೌನ, ಕುದುರೆ ಕಿತ್ತುಕೊಂಡು ಓಡಿತೇ, ಗಿರಾಕಿಗಳು ಹೋದರೇ, ಬಾತ್ಮಾ ಹೋಗಿ ನಿಲ್ಲಿಸಿ ಎಂದಳೇ, ಸದ್ದು ಆಗದಿರಲೆಂದು ಅವರೇ ನಿಲ್ಲಿಸಿಬಿಟ್ಟರೇ, ದೇವರೇ, ಆ ಸದ್ದಿಲ್ಲದೆ ಈ ಹಾಡಿಗೆ ಬೆನ್ನೆಲುಬೇ ಇಲ್ಲ, ಹೇಗೆ ಹೇಳಲಿ, ಯಾರಿಗೆ ಹೇಳಲಿ, ಬಾಯ್ಕೆ ಕಾಯುತ್ತಿದ್ದಾರೆ, ನಾನ್ನೂರು ಚೌಕ ಕಾಯುತ್ತಿವೆ, ಕಾಲಿನಿಂದ ನೆಲ ತಟ್ಟಿಕೊಂಡು ಶುರು ಮಾಡಿದಳು, ಎರಡು ಬಿಳಿ ಕುದುರೆ, ಆಕಾಶದ ಗೂಟ, ದನಿ ಮೊದಲ ಸಾಲಿಗೆ ತೊದಲಿತು, ಎರಡನೆಯದಕ್ಕೆ ಮನೆ ಹಿಡಿಯಿತು, ಸುತ್ತಿ ಸುತ್ತಿ ಸವೆಯಿತು ಗೊರಸು, ಚೆನ್ನಾಗಿದೆ, ತಾನೇ ಕೇಳಿಸಿಕೊಂಡಳು, ಚೆನ್ನಾಗಿದೆ, ಇದು ನನ್ನದು, ಯಾರೂ ಕಲಿಸಿದ್ದಲ್ಲ, ಯಾರಿದ್ದಾರೆ ಅಲ್ಲಿ ಲಾಳ ಕಟ್ಟಲು, ಇನ್ನು ಕೊನೆಯ ಸಾಲು, ಅದರ ತುದಿಗೆ ಆ ಮಾತು, ಯಾರ ಕೈಯಲ್ಲಿದೆ ಹೇಳು, ಆ ಮಾತು ಹಲ್ಲಿನ ಹಿಂದೆ ಬಂದು ನಿಂತಿತು, ನಿಜವಾಗಿಯೂ ನಿಂತಿತು, ಹೆದರಿಕೆ ಇಲ್ಲ, ಅಪ್ಪಣೆ ಇದೆ, ಹರಕೆ ಇದೆ, ಮೊದಲ ಹಾಡಿನ ಜಾಗ ಇದೆ, ಬಾಯಿ ತೆರೆದರೆ ಸಾಕು, ಆದರೆ ಈ ಮಾತಿನ ಸುತ್ತಲೇ ಅಲ್ಲವೇ ನಾನು ಹದಿನಾಲ್ಕು ವರ್ಷ ನಡೆದದ್ದು, ಮುಟ್ಟದೆ ಸುತ್ತಿ ಸುತ್ತಿ ಕಾಲು ಸವೆಸಿದ್ದು, ಆ ಸುತ್ತಿನಲ್ಲೇ ಎಲ್ಲ ಹಾಡೂ ಹುಟ್ಟಿದ್ದು, ಗೂಟ ಕಿತ್ತು ಕೈಯಲ್ಲಿ ಹಿಡಿದರೆ ಕುದುರೆ ಎಲ್ಲಿಗೆ ಹೋಗುತ್ತವೆ, ಶೋಕಿ ಅಂದುಕೊಳ್ಳಲಿ, ಮೊದಲ ಜಾಗ ದರ್ಜಿಗೆ ಹೋಗಲಿ, ಕರಿಗಟ್ಟಿಯನ್ನೂ ಈಗ ಹಾಡಲಾರಳು, ಬಾಯ್ಕೆಗೆ ಕೊಟ್ಟ ಮಾತಿದೆ, ಎರಡೂ ಬೇಡ, ತುಟಿ ಮುಚ್ಚಿದಳು, ಬೆರಳು ತಂತಿಯ ಮೇಲೆ ತಡೆಯಿತು, ಮಾತಿನ ಜಾಗ ಖಾಲಿ ಬಿಟ್ಟಳು, ಒಂದು ಉಸಿರಿನಷ್ಟು, ಬಾಯ್ಕೆಯ ಹುಬ್ಬು ಮೇಲೇರಿತು —

ಠಣ್.

ಒಂದೇ ಏಟು, ಸರಿಯಾಗಿ ಆ ಜಾಗಕ್ಕೆ, ಕೂದಲೆಳೆಯಷ್ಟೂ ಹಿಂದಿಲ್ಲ ಮುಂದಿಲ್ಲ, ನೂರ್ಜಾತ್ ಬಾಯಿಗೆ ಕೈ ಅಡ್ಡ ಹಿಡಿದಳು, ಸಾಲ್ಕಿನ್‌ಳ ಬೆರಳು ತಾನಾಗಿ ತಂತಿಗೆ ಮರಳಿತು, ನಡುವಿನ ನಡೆ ನುಡಿಸುತ್ತಲೇ ಇದೆ, ಮೊಣಕೈಯಲ್ಲಿ ಗಾಜಿನ ಹಬೆ ಒರೆಸಿದಳು, ಅಂಗಳ ಕಂಡಿತು, ಗಂಡಸರು ಟೋಪಿ ಸರಿಸಿ ಸುಮ್ಮನೆ ನಿಂತಿದ್ದಾರೆ, ಯಾರೂ ಸಿಪ್ಪೆ ಉಗುಳುತ್ತಿಲ್ಲ, ಒಬ್ಬ ಕಂದು ಕುದುರೆಯ ಮೂತಿ ಹಿಡಿದಿದ್ದಾನೆ, ಅಡಿಗಲ್ಲಿನ ಮೇಲೆ ಲಾಳವಿಲ್ಲ, ಏನೂ ಇಲ್ಲ, ಬರೀ ಅಡಿಗಲ್ಲು, ಬರೀ ಅಡಿಗಲ್ಲಿಗೆ ಕಮ್ಮಾರ ಎಂದೂ ಹೊಡೆಯುವುದಿಲ್ಲ, ಹೊಡೆದಿದ್ದಾರೆ, ಹಾಗಾದರೆ ಕೇಳಿಸುತ್ತಿತ್ತು, ಇಷ್ಟು ವರ್ಷವೂ ಕೇಳಿಸುತ್ತಿತ್ತು, ಸಾಲು ಸಾಲು ಬಲ್ಲರು, ಬಿಡುವು ಕೊಡುತ್ತಿದ್ದದ್ದು ಕುದುರೆಗಲ್ಲ, ಅವಳು ಅವರ ಏಟಿಗೆ ಹಾಡಿದಳೋ ಅವರು ಅವಳ ಹಾಡಿಗೆ ಬಡಿದರೋ, ಕಣ್ಣು ತುಂಬಿತು, ತುಂಬಲಿ, ತಿದ್ದುವ ಹಾಗಿಲ್ಲವಲ್ಲ, ಎರಡನೆಯ ಪದ ಎತ್ತಿದಳು, ದನಿ ಅಂಗಳಕ್ಕೂ ಮಾಸ್ಕೋಗೂ ಒಂದೇ ಹದದಲ್ಲಿ ಹೋಯಿತು, ಮಾವ ಕಿಟಕಿಯ ಕಡೆ ನೋಡುವುದಿಲ್ಲ, ಸೊಸೆಯನ್ನು ದಿಟ್ಟಿಸುವ ಮಾವ ಅವರಲ್ಲ, ತಲೆ ತಗ್ಗಿಸಿ, ತುಟಿಯಲ್ಲಿ ನಾಲ್ಕು ಮೊಳೆ ಕಚ್ಚಿ, ಬರಿಯ ಅಡಿಗಲ್ಲಿನ ಮೇಲೆ ಸುತ್ತಿಗೆ ಎತ್ತಿ ಹಿಡಿದಿದ್ದಾರೆ, ಅವಳ ಕೊನೆಯ ಸಾಲಿಗೆ ಕಾಯುತ್ತ, ಎತ್ತಿದ ಸುತ್ತಿಗೆ —